ಸ್ಪೋಕಿನ ಶ್ರುತಿ ಬಲ್ಲವರು

ಎಪ್ಪತ್ತು ದಾಟಿದ ಆ ಹಿರಿಯರಿಗೆ ಈಚೆಗೆ ಕಿವಿ ಸ್ವಲ್ಪ ಮಂದ. ಬೇರೆ ಮೆಕ್ಯಾನಿಕ್ಕಿಗೆ ಅದು ವಯಸ್ಸಿನ ತೊಂದರೆ, ಇವರಿಗೆ ಕಸುಬಿನದೇ ತೊಂದರೆ. ಮೈಸೂರಿನ ಹಳೇ ಬಡಾವಣೆಯೊಂದರ ತಮ್ಮ ಮನೆ ಜಗಲಿಯಲ್ಲಿ ಅವರು ಬೈಕ್ ಚಕ್ರಗಳ ಬೆಂಡ್ ತೆಗೆಯುತ್ತಾರೆ. ಬೋರ್ಡಿಲ್ಲ, ಯಂತ್ರವಿಲ್ಲ. ಸ್ಪೋಕನ್ನು ರಿಮ್ಮಿಗೆ ಬಿಗಿಸುವ ನಿಪ್ಪಲ್ ತಿರುಗಿಸುವ ಕೀ, ಒಂದು ಸ್ಕ್ರೂಡ್ರೈವರ್, ಎಣ್ಣೆ ಬಾಟಲಿ ಇಷ್ಟೇ ಸಾಮಾನು. ಪಕ್ಕದಲ್ಲಿ ವೀಣೆ ಕಲಿಯುತ್ತಿರುವ ಮೊಮ್ಮಗಳು ಕೂತಿರುತ್ತಾಳೆ.

ಸ್ಕ್ರೂಡ್ರೈವರಿನಿಂದ ಒಂದೊಂದೇ ಸ್ಪೋಕನ್ನು ಮೆಲ್ಲಗೆ ತಟ್ಟುತ್ತ ತಾತ ಚಕ್ರ ತಿರುಗಿಸುತ್ತಾರೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಟಪ್ ಎಂದು ಸುಮ್ಮನಾಗುತ್ತದೆ. ಅಷ್ಟು ವ್ಯತ್ಯಾಸ ಅವರಿಗೆ ಈಗಲೂ ಕೇಳುತ್ತದೆ. ಟಿಣ್ ಎನ್ನುವವುಗಳಲ್ಲೇ ಹೆಚ್ಚು ಬಿಗಿ ಯಾವುದು, ಕಡಿಮೆ ಯಾವುದು ಎಂಬುದು ಮಾತ್ರ ಸಿಗುವುದಿಲ್ಲ.

"ಪುಟ್ಟಿ, ಇದು?"

"ಇಳಿದಿದೆ ತಾತ. ಪಕ್ಕದ್ದರ ಜೊತೆ ಶ್ರುತಿ ಸೇರ್ತಿಲ್ಲ."

ನಿಪ್ಪಲ್ ಕಾಲು ಸುತ್ತು ತಿರುಗುತ್ತದೆ. ಮತ್ತೆ ಟಿಣ್. ಅವಳು ತಲೆಯಾಡಿಸುತ್ತಾಳೆ. ಸ್ಪೋಕುಗಳು ಒಂದಕ್ಕೊಂದು ತಾಗುವ ಜಾಗದಲ್ಲಿ ತಟ್ಟಿದರೆ ದನಿ ಸತ್ತುಹೋಗುತ್ತದೆ, ನಿಪ್ಪಲ್ ಹತ್ತಿರ ತಟ್ಟಬೇಕು ಎಂಬುದನ್ನು ಅವಳೇ ನನಗೆ ತೋರಿಸಿದಳು. ಹಿಂದಿನ ಚಕ್ರದಲ್ಲಿ ಎಡಬಲದ ಎಳೆತ ಬೇರೆ ಬೇರೆ ಇರಬಹುದು. ಆದ್ದರಿಂದ ಎಡದ್ದನ್ನು ಎಡದ್ದಕ್ಕೇ, ಬಲದ್ದನ್ನು ಬಲದ್ದಕ್ಕೇ ಹೋಲಿಸಬೇಕಂತೆ. ಬುಲೆಟ್ಟಿನ ಚಕ್ರಕ್ಕೆ 40 ಸ್ಪೋಕು, ಜಾವಾಗೆ 36. ಎಲ್ಲವನ್ನೂ ಇಬ್ಬರೂ ಹೀಗೆ ಕೇಳಿಸಿಕೊಂಡೇ ಮುಗಿಸುತ್ತಾರೆ.

ಕಸುಬು ಈ ಊರಿನಲ್ಲಿ ನೆಲೆನಿಂತದ್ದಕ್ಕೆ ಕಾರಣವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬರತೊಡಗಿದವು. ಚೆಕೊಸ್ಲೊವಾಕಿಯಾದ ಪರವಾನಗಿಯ ಬೈಕು ಮೈಸೂರಿನದೇ ಆಗಿಹೋಯಿತು. ಆಮೇಲೆ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಹಿರಿಯರು ಅಲ್ಲಿ ಕೆಲಸ ಮಾಡಿದವರಲ್ಲ. ಅಲ್ಲಿದ್ದ ನೆರೆಮನೆಯವರೊಬ್ಬರು ಸಂಜೆ ಹೊತ್ತು ಮನೆ ಮುಂದೆ ಸ್ಪೋಕ್ ಕಟ್ಟುತ್ತಿದ್ದುದನ್ನು ನೋಡುತ್ತ ಕಲಿತರು.

ಬೆಂಡ್ ಇದೆಯೇ ಎಂದು ಯಾರಾದರೂ ಮನೆಯಲ್ಲೇ ನೋಡಬಹುದು, ನೋಡಲೇಬೇಕು ಎಂಬುದು ಅವರ ಹಟ. ನನಗೂ ಅದು ಸರಿಯೆನಿಸುತ್ತದೆ. ಎಂಜಿನ್ ಆರಿಸಿ, ಗೇರ್ ನ್ಯೂಟ್ರಲ್ ಮಾಡಿ, ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ನೋಡಬೇಕಾದ ಚಕ್ರ ನೆಲ ಬಿಟ್ಟು ಏಳುವಂತೆ ಮಾಡಿಕೊಳ್ಳಬೇಕು. ಮೊದಲು ಚಕ್ರವನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿ. ಲೊಡಲೊಡ ಎಂದರೆ ಬೇರಿಂಗ್ ಹೋಗಿದೆ; ಅದನ್ನು ಬದಲಿಸದೆ ಸ್ಪೋಕ್ ಮುಟ್ಟಿ ಪ್ರಯೋಜನವಿಲ್ಲ. ಆಮೇಲೆ ಫೋರ್ಕಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, ಅದರಲ್ಲಿ ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ರಿಮ್ಮಿಗೆ ಕೂದಲೆಳೆಯಷ್ಟು ದೂರವಿರುವಂತೆ ನಿಲ್ಲಿಸಿ ಚಕ್ರ ತಿರುಗಿಸುವುದು. ರಿಮ್ ಕಡ್ಡಿಯ ಕಡೆಗೆ ಬಂದು ಹೋದರೆ ಪಕ್ಕದ ಬೆಂಡು. ಕಡ್ಡಿಯನ್ನು ರಿಮ್ಮಿನ ಅಂಚಿನ ಮೇಲೆ ಹಿಡಿದಾಗ ಅಂಚು ಎದ್ದು ಇಳಿದರೆ ಮೇಲು ಕೆಳಗಿನ ಬೆಂಡು. ಎರಡೂ ಎರಡು ಮಿಲಿಮೀಟರ್ ಮೀರಬಾರದು ಎಂದೇ ಅನೇಕ ಬೈಕುಗಳ ಸರ್ವಿಸ್ ಪುಸ್ತಕಗಳಲ್ಲಿರುತ್ತದೆ. ಇವರಿಗೆ ಒಂದು ಮಿಲಿಮೀಟರೂ ಜಾಸ್ತಿ.

ರಿಮ್ ಎಡಕ್ಕೆ ವಾಲಿದ್ದರೆ ಅಲ್ಲಿ ಬಲ ಬದಿಯ ಸ್ಪೋಕುಗಳನ್ನು ಬಿಗಿ ಮಾಡಿ, ಎಡದವನ್ನು ಅಷ್ಟೇ ಸಡಿಲಿಸಬೇಕು. ರಿಮ್ ಉಬ್ಬಿದ ಕಡೆ ಎರಡೂ ಬದಿಯವನ್ನು ಬಿಗಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚಿಲ್ಲ. ಅವಸರ ಮಾಡಿದವರ ಚಕ್ರ ಒಂದು ಕಡೆ ನೆಟ್ಟಗಾಗಿ ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ತುಕ್ಕು ಹಿಡಿದ ನಿಪ್ಪಲ್ಲಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಟ್ಟಿರಬೇಕು. ಕೊನೆಗೆ ಟೈರ್ ಬಿಚ್ಚಿ, ನಿಪ್ಪಲ್ ದಾಟಿ ಒಳಗೆ ಚಾಚಿದ ಸ್ಪೋಕಿನ ತುದಿಗಳನ್ನು ಅರದಿಂದ ಉಜ್ಜಬೇಕು, ಇಲ್ಲವಾದರೆ ಅದೇ ಟ್ಯೂಬಿಗೆ ಚುಚ್ಚುತ್ತದೆ. ನಿಪ್ಪಲ್ ತೂತಿನ ಬಳಿ ಸೀಳು ಬಿಟ್ಟ ರಿಮ್ಮನ್ನು ಅವರು ಮುಟ್ಟುವುದೇ ಇಲ್ಲ. "ಇದನ್ನ ನೆಟ್ಟಗೆ ಮಾಡಿಕೊಟ್ರೆ ನಿಮಗೆ ಮೋಸ ಮಾಡಿದ ಹಾಗೆ" ಎಂದು ವಾಪಸು ಕಳಿಸುತ್ತಾರೆ.

ಅಲಾಯ್ ಚಕ್ರಗಳು ಬಂದ ಮೇಲೆ ಕೆಲಸ ಕಡಿಮೆಯಾಯಿತು. ಅವಕ್ಕೆ ಸ್ಪೋಕಿಲ್ಲ, ಹೆಚ್ಚಿನವಕ್ಕೆ ಟ್ಯೂಬೂ ಬೇಡ. ಅದರ ಅನುಕೂಲವನ್ನು ಅವರು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಕ್ಕೆ ಬಿದ್ದು ಬಾಗಿದ ಚಕ್ರವನ್ನು ಬಿಸಾಡದೆ, ಕೈಯಾರೆ ಮತ್ತೆ ದುಂಡಗೆ ಮಾಡಿಕೊಳ್ಳುವ ಸೌಲಭ್ಯ ಸ್ಪೋಕ್ ಚಕ್ರಕ್ಕಿರುವಷ್ಟು ಅದಕ್ಕಿಲ್ಲ. ಈ ಕೆಲಸವನ್ನು ಊರಿಗೊಬ್ಬರಾದರೂ ಕಲಿತಿರಬೇಕು. ನಮ್ಮ ಐಟಿಐಗಳಲ್ಲಿ ಹುಡುಗರಿಗೆ ಒಂದು ಹಳೇ ಚಕ್ರ ಕೊಟ್ಟು, ತಟ್ಟಿ ಕೇಳಿ ಎಂದು ಕೂರಿಸಿದರೆ ಎಷ್ಟು ಚೆನ್ನ.

ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಅಭಿಮಾನಿಗಳ ದಿನ. ಅದಕ್ಕೆ ಮುಂಚೆ ಜಗಲಿ ತುಂಬ ಚಕ್ರಗಳು ಬಂದು ಬೀಳುತ್ತವೆ. ಮೊಮ್ಮಗಳಿಗೆ ಬೆಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಜುಲೈ ಕೊನೆಗೆ ಹೊರಡುತ್ತಾಳೆ. ಈಗ ಬಂದಿರುವ ಚಕ್ರಗಳನ್ನೆಲ್ಲ ಅಷ್ಟರೊಳಗೆ ಮುಗಿಸಿಕೊಡುತ್ತೇನೆ ಎಂದು ತಾತ ಮಾತು ಕೊಟ್ಟಿದ್ದಾರೆ. ಆಗಸ್ಟಿನ ಕೆಲಸ ಮಾತ್ರ ಯಾರಿಂದಲೂ ಒಪ್ಪಿಕೊಳ್ಳುತ್ತಿಲ್ಲ.