ಬಚ್ಚಲುಮನೆಗೆ ತಕ್ಕ ಗಿಡಗಳು

ಮನೆಯ ಒಳಗಡೆ ಹಸುರು ಗಿಡಗಳನ್ನಿಟ್ಟು ಬೆಳೆಸುವ ಅಭಿರುಚಿಯು ಈಚಿನ ವರ್ಷಗಳಲ್ಲಿ ಬೆಂಗಳೂರು, ತುಮಕೂರುಗಳಂಥ ನಗರಗಳನ್ನು ದಾಟಿ ಗುಬ್ಬಿಯಂಥ ತಾಲ್ಲೂಕು ಕೇಂದ್ರಗಳಿಗೂ ಹರಡಿರುತ್ತದೆ. ಹೊಸದಾಗಿ ಕಟ್ಟುವ ಮನೆಗಳಲ್ಲಿ ಹಜಾರ, ಮೆಟ್ಟಿಲುಗಳಲ್ಲದೆ ಬಚ್ಚಲುಮನೆಯಲ್ಲಿಯೂ ಒಂದೆರಡು ಕುಂಡಗಳನ್ನು ಇಡುವುದುಂಟು. ಆದರೆ ಹೀಗೆ ಇಟ್ಟ ಗಿಡಗಳಲ್ಲಿ ಅನೇಕವು ಎರಡು ಮೂರು ತಿಂಗಳೊಳಗಾಗಿ ಎಲೆ ಹಳದಿಯಾಗಿ, ಬುಡ ಕೊಳೆತು ಸಾಯುತ್ತವೆ. ಬಚ್ಚಲಿನಲ್ಲಿ ಸದಾ ತೇವವಿರುವುದರಿಂದ ಅಲ್ಲಿ ಯಾವ ಗಿಡವಾದರೂ ಚೆನ್ನಾಗಿ ಬರುವುದೆಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಕಾರಣವು. ಗಿಡವು ತನ್ನ ಆಹಾರವನ್ನು ಬೆಳಕಿನಿಂದ ತಯಾರಿಸಿಕೊಳ್ಳುತ್ತದೆಯೇ ಹೊರತು ತೇವದಿಂದಲ್ಲ. ಆದುದರಿಂದ ಬಚ್ಚಲಿಗೆ ಗಿಡವನ್ನು ಆರಿಸುವವರು ಮೊದಲು ಪರೀಕ್ಷಿಸತಕ್ಕದ್ದು ಅಲ್ಲಿಯ ಬೆಳಕನ್ನು.

ಈ ವಿಷಯವು ಗುಬ್ಬಿ ಸೀಮೆಯ ತೋಟಗಾರರಿಗೆ ಹೊಸದಲ್ಲ. ಅಡಕೆ ತೋಟದ ನೆರಳಿನಲ್ಲಿ ವೀಳ್ಯದೆಲೆಯ ಬಳ್ಳಿಯೂ ಮೆಣಸಿನ ಬಳ್ಳಿಯೂ ಸುಖವಾಗಿರುತ್ತವೆ. ಅದೇ ನೆರಳಿನಲ್ಲಿ ರಾಗಿಯನ್ನು ಬಿತ್ತಿದರೆ ತೆನೆ ಕಟ್ಟುವುದಿಲ್ಲ. ಮರಗಳು ಬಹಳ ಒತ್ತಾದ ತೋಟದಲ್ಲಿ ವೀಳ್ಯದ ಬಳ್ಳಿಯೂ ಗೆಣ್ಣು ಉದ್ದವಾಗಿ, ಎಲೆ ಚಿಕ್ಕದಾಗಿ, ಸೊರಗಿ ಹೋಗುವುದು. ನೆರಳೆಂಬುದರಲ್ಲಿಯೂ ತರತಮಗಳಿರುತ್ತವೆ. ಬಯಲಿನಲ್ಲಿ ಮಧ್ಯಾಹ್ನದ ಬಿಸಿಲಿನ ಪ್ರಮಾಣವು ಸುಮಾರು 1,00,000 ಲಕ್ಸ್ ಇದ್ದರೆ, ಕೋಣೆಯ ಒಳಗೆ ಕಿಟಕಿಯಿಂದ ಐದಾರು ಅಡಿ ದೂರದಲ್ಲಿ ಅದು ಕೆಲವು ನೂರು ಲಕ್ಸಿಗೆ ಇಳಿದಿರುವುದು ಸಾಮಾನ್ಯ. ಮನುಷ್ಯನ ಕಣ್ಣು ಈ ಭೇದವನ್ನು ಸರಿದೂಗಿಸಿಕೊಳ್ಳುವುದರಿಂದ ನಮಗೆ ಬೆಳಕಾಗಿಯೇ ತೋರುವ ಮೂಲೆಯು ಗಿಡಕ್ಕೆ ಹೆಚ್ಚು ಕಡಮೆ ಕತ್ತಲೆಯಾಗಿರುತ್ತದೆ.

ಬೆಳಕನ್ನು ಅಳೆಯಲು ಯಂತ್ರವೇನೂ ಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡು ಗಂಟೆಯಲ್ಲಿ ದೀಪವನ್ನಾರಿಸಿ, ಕುಂಡವನ್ನಿಡಬೇಕೆಂದಿರುವ ಸ್ಥಳದಲ್ಲಿ ಒಂದು ಬಿಳಿಯ ಕಾಗದವನ್ನಿಟ್ಟು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈಯನ್ನು ಹಿಡಿಯತಕ್ಕದ್ದು. ಬೆರಳುಗಳ ನೆರಳು ಅಂಚು ಸಹಿತವಾಗಿ ಬಿದ್ದರೆ ಬಹುಮಟ್ಟಿನ ಎಲೆಗಿಡಗಳಿಗೆ ಆ ಬೆಳಕು ಸಾಕು. ನೆರಳು ಮಸಕಾಗಿ ಕಂಡರೆ ಕತ್ತಲೆಯನ್ನು ತಾಳುವ ಒಂದೆರಡು ಜಾತಿಗಳನ್ನು ಮಾತ್ರ ಇಡಬಹುದು. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಗಿಡವನ್ನೂ ಖಾಯಮ್ಮಾಗಿ ಇಡಬಾರದು.

ಗವಾಕ್ಷಿಯ ದಿಕ್ಕನ್ನೂ ನೋಡಬೇಕು. ಗುಬ್ಬಿಯು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿಯಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ. ವರ್ಷದ ಉಳಿದ ಭಾಗದಲ್ಲಿ ದಕ್ಷಿಣಕ್ಕಿರುತ್ತಾನೆ. ಆದಕಾರಣ ಉತ್ತರದ ಗವಾಕ್ಷಿಯಲ್ಲಿ ಚಳಿಗಾಲದಲ್ಲಿ ಸೊರಗಿದ ಗಿಡವು ಬೇಸಿಗೆಯ ಕೊನೆಗೆ ತಾನಾಗಿಯೇ ಚೇತರಿಸಿಕೊಂಡರೆ ಆಶ್ಚರ್ಯವಿಲ್ಲ. ಪೂರ್ವದ ಗವಾಕ್ಷಿಯೇ ಎಲ್ಲಕ್ಕಿಂತ ಉತ್ತಮವಾದುದು. ಪಶ್ಚಿಮದ್ದಾದರೆ ಮಾರ್ಚಿ, ಏಪ್ರಿಲ್ ತಿಂಗಳುಗಳ ಇಳಿಬಿಸಿಲು ಗಾಜಿನ ಮೂಲಕ ಬಿದ್ದು ಎಲೆಗಳನ್ನು ಸುಡುವುದರಿಂದ ಕುಂಡವನ್ನು ಗಾಜಿನಿಂದ ಎರಡು ಅಡಿಯಾದರೂ ಹಿಂದಕ್ಕೆ ಇಡಬೇಕು.

ಹಳ್ಳಿಗಳಲ್ಲಿ ಈಗಲೂ ಅನೇಕ ಮನೆಗಳಲ್ಲಿ ಹಂಡೆಯೊಲೆಯುಳ್ಳ ಬಚ್ಚಲುಗಳಿವೆ. ತೆಂಗಿನ ಗರಿ, ಎಡಮಟ್ಟೆ, ಕರಟಗಳನ್ನು ಉರಿಸಿ ನೀರು ಕಾಯಿಸುವ ಇಂಥ ಬಚ್ಚಲಿನೊಳಗೆ ಗಿಡವನ್ನಿಡುವುದು ವ್ಯರ್ಥ. ಹೊಗೆಯ ಮಸಿಯು ಎಲೆಯ ಮೇಲೆ ಕುಳಿತು ಬೆಳಕನ್ನು ತಡೆಯುವುದು. ಒಲೆಯ ಝಳವು ಚಿಗುರನ್ನು ಬಾಡಿಸುವುದು. ಇಂಥ ಮನೆಯವರು ಬಚ್ಚಲ ಹೊರಮಗ್ಗುಲಿನ ವಿಷಯದಲ್ಲಿ ಆಸ್ಥೆ ವಹಿಸುವುದು ಲೇಸು. ಅದನ್ನು ಮುಂದೆ ಹೇಳಲಾಗಿದೆ.

ಪಟ್ಟಣದ ಮನೆಗಳಲ್ಲಿ ಬೇರೊಂದು ಅಪಾಯವಿದೆ. ಗ್ಯಾಸಿನಿಂದ ನೀರು ಕಾಯಿಸುವ ಗೀಸರು ಉರಿಯುವಾಗ ಗಾಳಿಯು ಸಾಲದಾದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುತ್ತಿರುವವನಿಗೆ ತಲೆ ತಿರುಗಿ ಎಚ್ಚರ ತಪ್ಪುವವರೆಗೂ ಅದರ ಸುಳಿವು ತಿಳಿಯುವುದಿಲ್ಲ. ಕರ್ಣಾಟಕದಲ್ಲಿ ಈ ಬಗೆಯ ಮರಣಗಳು ಪದೇ ಪದೇ ಸಂಭವಿಸಿವೆ. ಇಂಥ ಗೀಸರನ್ನು ಬಚ್ಚಲ ಹೊರಗೆ ಕೂಡಿಸುವುದೇ ಸರಿಯಾದ ಕ್ರಮ. ಒಳಗಿದ್ದ ಪಕ್ಷದಲ್ಲಿ ಗವಾಕ್ಷಿಯಲ್ಲಿ ಕುಂಡವನ್ನಾಗಲಿ ಬಳ್ಳಿಯನ್ನಾಗಲಿ ಇಟ್ಟು ಗಾಳಿಯ ದಾರಿಯನ್ನು ಎಷ್ಟು ಮಾತ್ರವೂ ಕಟ್ಟಬಾರದು. ವಿದ್ಯುತ್ತಿನ ಗೀಸರು ಇರುವಲ್ಲಿ ಈ ಭಯವಿಲ್ಲ; ಆದರೆ ಅದರ ಮೇಲೆ ಕುಂಡವನ್ನಿಟ್ಟು ನೀರು ಸುರಿಸುವುದು ಅವಿವೇಕವು.

ಗಿಡಗಳಿಂದ ಗಾಳಿಯು ಶುದ್ಧವಾಗುವುದೆಂಬ ಮಾತನ್ನು ಮಾರುವವರು ಬಹಳವಾಗಿ ಹೇಳುತ್ತಾರೆ. ಇದರ ಮೂಲವು 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಪ್ರಕಟಿಸಿದ ಪ್ರಯೋಗಗಳಲ್ಲಿದೆ. ಅವರು ಗಿಡಗಳನ್ನು ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿದ್ದರು. ಮನುಷ್ಯರು ವಾಸಿಸುವ ಕೋಣೆಗಳು ಹಾಗಿರುವುದಿಲ್ಲ. 2019ರಲ್ಲಿ ಅದೇ ದೇಶದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ತುಲನೆ ಮಾಡಿ, ಸಾಧಾರಣ ಕಟ್ಟಡದಲ್ಲಿ ತಾನಾಗಿಯೇ ನಡೆಯುವ ಗಾಳಿಯ ಸಂಚಾರಕ್ಕೆ ಸಮನಾಗಬೇಕಾದರೆ ಒಂದು ಚದರ ಮೀಟರು ನೆಲಕ್ಕೆ 10 ರಿಂದ 1,000 ಗಿಡಗಳವರೆಗೆ ಬೇಕಾಗುವುದೆಂದು ಲೆಕ್ಕ ಹಾಕಿದರು. ಕಣ್ಣಿಗೆ ತಂಪೆಂದು ಗಿಡವನ್ನಿಡಬಹುದು. ಗಾಳಿಗೆ ಗವಾಕ್ಷಿಯನ್ನು ತೆರೆಯಬೇಕು.

ಇನ್ನು ಜಾತಿಗಳ ವಿಷಯ. ಬೆಳಕು ಮಸಕಾಗಿರುವ ಬಚ್ಚಲಿಗೆ ಮೊದಲಾಗಿ ಹೇಳಬೇಕಾದುದು ಮನಿಪ್ಲಾಂಟ್ ಎಂದು ಎಲ್ಲರೂ ಕರೆಯುವ ಬಳ್ಳಿ. ಇದು ಶಾಂತ ಮಹಾಸಾಗರದ ಮೊರಿಯಾ ಎಂಬ ದ್ವೀಪದ ಮೂಲದ್ದು. ಈಗ ಗುಬ್ಬಿಯ ಬೀದಿಬೀದಿಗಳಲ್ಲಿಯೂ ಕಾಣಬರುತ್ತದೆ. ಒಂದೆರಡು ಗೆಣ್ಣುಳ್ಳ ತುಂಡನ್ನು ನೀರಿನಲ್ಲಿಟ್ಟರೆ ಎರಡು ಮೂರು ವಾರಗಳಲ್ಲಿ ಬೇರೊಡೆಯುವುದು. ಅಂಗಡಿಯಿಂದ ಕೊಳ್ಳುವ ಅಗತ್ಯವೇ ಇಲ್ಲ. ಕತ್ತಲೆ ಹೆಚ್ಚಾದಾಗ ಎಲೆಯ ಹಳದಿ ಪಟ್ಟೆಗಳು ಮಾಯವಾಗಿ ಬರಿಯ ಹಸುರು ಉಳಿಯುತ್ತದೆ. ಇದು ರೋಗವಲ್ಲ, ಬೆಳಕು ಸಾಲದೆಂಬುದರ ಗುರುತು. ಇದರ ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿದ್ದು, ಕೆಸುವಿನ ಹಸಿ ಸೊಪ್ಪಿನಂತೆ ಬಾಯಿ ಕಡಿತವನ್ನುಂಟುಮಾಡುವುದರಿಂದ ಅಂಬೆಗಾಲಿನ ಮಕ್ಕಳಿಗೆ ಸಿಗದಂತೆ ಎತ್ತರದಲ್ಲಿ ತೂಗುಹಾಕುವುದು ಒಳ್ಳೇದು. ಡಿಫೆನ್‌ಬೇಕಿಯ ಎಂಬ ಮಚ್ಚೆಯೆಲೆಯ ಗಿಡದಲ್ಲಿ ಈ ದೋಷವು ಇನ್ನೂ ಹೆಚ್ಚು. ಅದನ್ನು ಅಗಿದರೆ ನಾಲಗೆ ಊದಿಕೊಳ್ಳುತ್ತದೆ. ಮಕ್ಕಳಿರುವ ಮನೆಗೆ ಅದು ಬೇಡ.

ಸ್ನೇಕ್ ಪ್ಲಾಂಟ್ ಎಂದು ಮಾರುವ, ಹಾವಿನ ಮೈಯಂತೆ ಪಟ್ಟೆಗಳುಳ್ಳ ನೆಟ್ಟನೆಯ ದಪ್ಪ ಎಲೆಯ ಗಿಡವು ಪಶ್ಚಿಮ ಆಫ್ರಿಕದ್ದು. ಕತ್ತಲೆಯನ್ನು ಇದರಷ್ಟು ತಾಳುವ ಗಿಡವು ವಿರಳ. ಆದರೆ ಇದು ಒಣಸೀಮೆಯ ಗಿಡವಾದುದರಿಂದ ಎರಚಿದ ನೀರು ಎಲೆಗಳ ನಡುವೆ ನಿಂತರೆ ಬುಡ ಕೊಳೆಯುವುದು. ನೀರು ಎರಚದ ಎತ್ತರದ ಹಲಗೆಯ ಮೇಲಿಟ್ಟು ಮೂರು ವಾರಕ್ಕೊಮ್ಮೆ ನೀರು ಹಾಕಿದರೆ ಸಾಕು.

ತೇವವನ್ನು ನಿಜವಾಗಿ ಅಪೇಕ್ಷಿಸುವುದು ಜರೀಗಿಡ. ಗುಬ್ಬಿಯಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ಬೀಸುವ ಒಣಗಾಳಿಗೆ ಹಜಾರದಲ್ಲಿಟ್ಟ ಜರೀಗಿಡದ ಅಂಚುಗಳು ಸುಟ್ಟಂತಾಗುತ್ತವೆ. ಅದನ್ನೇ ಬೆಳಕುಳ್ಳ ಬಚ್ಚಲಿಗೆ ಸರಿಸಿದರೆ ಹದಿನೈದು ದಿನಗಳಲ್ಲಿ ಹೊಸ ಸುರುಳಿಗಳು ಬಿಚ್ಚತೊಡಗುತ್ತವೆ. ಬಚ್ಚಲಿನ ಹಬೆಯು ಪ್ರಯೋಜನಕ್ಕೆ ಬರುವುದು ಇಂಥ ಗಿಡಕ್ಕೆ. ಆದರೆ ಇದಕ್ಕೂ ಕೈನೆರಳು ಸ್ಪಷ್ಟವಾಗಿ ಬೀಳುವಷ್ಟು ಬೆಳಕು ಬೇಕು.

ಸ್ಪೈಡರ್ ಪ್ಲಾಂಟ್ ಎಂಬ, ಬಿಳಿಯ ಪಟ್ಟೆಯ ಹುಲ್ಲಿನಂಥ ಗಿಡವು ನೀರಿನ ಗುಣವನ್ನು ಬಯಲುಮಾಡುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಥವಾ ಉಪ್ಪಿನಂಶವು ಹೆಚ್ಚಾಗಿದ್ದರೆ ಇದರ ಎಲೆಯ ತುದಿಗಳು ಕಂದುಬಣ್ಣಕ್ಕೆ ತಿರುಗುತ್ತವೆ. ತುಮಕೂರು ಜಿಲ್ಲೆಯಲ್ಲಿ ಪಾವಗಡದ ಕಡೆಯ ನೀರಿನ ಫ್ಲೋರೈಡ್ ದೋಷವು ಎಲ್ಲರಿಗೂ ತಿಳಿದ ವಿಷಯ; ಇತರ ಕಡೆಗಳಲ್ಲಿಯೂ ಆಳದ ಕೊಳವೆಬಾವಿಗಳ ನೀರು ಗಡುಸಾಗಿರುವುದುಂಟು. ತುದಿ ಒಣಗಿತೆಂದು ಇನ್ನಷ್ಟು ನೀರು ಹಾಕುವುದು ರೋಗವನ್ನು ಹೆಚ್ಚಿಸಿದಂತೆ. ಮಳೆಯ ನೀರನ್ನು ಹಿಡಿದಿಟ್ಟು ಹಾಕಬೇಕು. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣಗಳು ಇಮ್ಮಡಿಸಿರುವುದರಿಂದ ಅದನ್ನು ಕುಂಡಗಳಿಗೆ ಹಾಕಬಾರದು.

ಊರಿನದೇ ಆದ ವೀಳ್ಯದೆಲೆಯ ಬಳ್ಳಿಯನ್ನು ಬಚ್ಚಲಿಗೆ ತರಲು ಯೋಚಿಸುವವರು ಕಡಮೆ. ಪೂರ್ವದ ಕಿಟಕಿಯುಳ್ಳ ಬಚ್ಚಲಿನಲ್ಲಿ ಒಂದು ಒರಟು ಗೂಟಕ್ಕೆ ತೆಂಗಿನ ನಾರನ್ನು ಸುತ್ತಿ ನಿಲ್ಲಿಸಿದರೆ ಬಳ್ಳಿಯು ಅದಕ್ಕೆ ಬೇರು ಕಚ್ಚಿಸಿಕೊಂಡು ಏರುತ್ತದೆ. ಸೋಪಿನ ನೀರು ಸಿಡಿಯುವ ಎಲೆಗಳನ್ನು ಮಾತ್ರ ಅಡಕೆಗೆ ಉಪಯೋಗಿಸತಕ್ಕದ್ದಲ್ಲ. ರೋಜ, ಮಲ್ಲಿಗೆ, ದಾಸವಾಳಗಳಿಗೆ ಬಿಸಿಲೇ ಜೀವ. ಅವುಗಳನ್ನು ಒಳಗೆ ತರುವುದು ಅವುಗಳಿಗೆ ಶಿಕ್ಷೆಯಷ್ಟೆ.

ಕುಂಡದ ಮಣ್ಣಿನ ಬಗ್ಗೆ ಎಚ್ಚರಿಕೆ ಅಗತ್ಯ. ತೆಂಗಿನ ನಾರಿನ ಪುಡಿಯು ಈ ಸೀಮೆಯಲ್ಲಿ ಸುಲಭವಾಗಿ ದೊರೆಯುವುದರಿಂದ ಕೆಲವರು ಕುಂಡವನ್ನೆಲ್ಲ ಅದರಿಂದಲೇ ತುಂಬುತ್ತಾರೆ. ಅದು ತನ್ನ ತೂಕದ ಹಲವು ಪಾಲು ನೀರನ್ನು ಹಿಡಿದಿಡುವುದು. ತೋಟದಲ್ಲಿ ಇದು ಗುಣ, ಬಚ್ಚಲಿನಲ್ಲಿ ದೋಷ. ಕೆಮ್ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು, ಎರಡು ಮೂರು ಸಲ ತೊಳೆದು ಹಿಂಡಿದ ನಾರಿನ ಪುಡಿ ಅರ್ಧ ಪಾಲು ಸೇರಿಸಿದರೆ ತಕ್ಕ ಮಿಶ್ರಣವಾಗುತ್ತದೆ. ಹಬೆಯುಳ್ಳ ಕೋಣೆಯಲ್ಲಿ ನೀರು ಆರುವುದು ನಿಧಾನ. ಬೆರಳನ್ನು ಎರಡು ಅಂಗುಲ ಇಳಿಸಿ ನೋಡಿ, ಮಣ್ಣು ಅಂಟದಿದ್ದರೆ ಮಾತ್ರ ನೀರು ಹಾಕಬೇಕು. ಒಂದೇ ಜಾತಿಯ ಎರಡು ಕುಂಡಗಳನ್ನು ಮಾಡಿಕೊಂಡು ಒಂದನ್ನು ಬಚ್ಚಲಿನಲ್ಲಿಯೂ ಮತ್ತೊಂದನ್ನು ಜಗಲಿಯ ನೆರಳಿನಲ್ಲಿಯೂ ಇಟ್ಟು, ಹದಿನೈದು ದಿನಕ್ಕೊಮ್ಮೆ ಬದಲಾಯಿಸುವುದು ಎಲ್ಲಕ್ಕಿಂತ ಉತ್ತಮವಾದ ಉಪಾಯ. ಇದರಿಂದ ಬೆಳಕು ಕಡಮೆಯಾದ ಬಚ್ಚಲಿನಲ್ಲಿಯೂ ವರ್ಷವೆಲ್ಲ ಹಸುರನ್ನು ಕಾಣಬಹುದು.

ಗಾಜಿನ ಸೀಸೆಯಲ್ಲಿ ಬಳ್ಳಿಯನ್ನು ಬೆಳೆಸುವವರೂ, ಕುಂಡದ ಕೆಳಗೆ ತಟ್ಟೆಯನ್ನಿಡುವವರೂ ಸೊಳ್ಳೆಯನ್ನು ಮರೆಯಬಾರದು. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಮನೆಯೊಳಗಿನ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನಗಳು ಸಾಕು. 2024ರಲ್ಲಿ ಈ ಜ್ವರವು ಹೆಚ್ಚಿದ್ದರಿಂದ ಕರ್ಣಾಟಕ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಪ್ರಕಟಿಸಿತು. ವಾರಕ್ಕೊಮ್ಮೆ ನೀರನ್ನು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಅಂಚಿಗೆ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುವುದರಿಂದ ಸೀಸೆಯನ್ನೂ ತಟ್ಟೆಯನ್ನೂ ನಾರಿನಿಂದ ಉಜ್ಜಿ ತೊಳೆಯಬೇಕು. ಇಷ್ಟು ಮಾಡಲು ಸಾಧ್ಯವಿಲ್ಲದವರು ನೀರಿನ ಸೀಸೆಯನ್ನು ಬಿಟ್ಟು ಮಣ್ಣಿನ ಕುಂಡವನ್ನೇ ಇಟ್ಟುಕೊಳ್ಳಲಿ.

ಬಚ್ಚಲ ಹೊರಗಿನ ತೋಟವು ಹಿಂದಿನವರು ಕಂಡುಕೊಂಡ ಏರ್ಪಾಡು. ಒಬ್ಬರ ಸ್ನಾನಕ್ಕೆ ಎರಡು ಬಕೆಟ್ಟು, ಅಂದರೆ ಸುಮಾರು 35 ಲೀಟರಿನಂತೆ, ಐದು ಜನರ ಮನೆಯಿಂದ ದಿನಕ್ಕೆ 175 ಲೀಟರು ನೀರು ಹೊರಗೆ ಹೋಗುತ್ತದೆ. ಫಲಕ್ಕೆ ಬಂದ ಬಾಳೆಯ ಗಿಡವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 15 ರಿಂದ 20 ಲೀಟರು ಬೇಕು. ಕೊಳವೆಬಾವಿಗಳು ಬತ್ತುವ ಕಾಲದಲ್ಲಿ ಈ ನೀರು ಚರಂಡಿಗೆ ಸೇರುವುದು ನಷ್ಟವೇ ಸರಿ. ಬಾಳೆ, ಕೆಸು, ಕಾಬಾಳೆ, ತೆಂಗು ಇವು ಸೋಪಿನ ನೀರನ್ನು ಚೆನ್ನಾಗಿ ತಾಳುತ್ತವೆ. ಕೊತ್ತಂಬರಿ, ಒಂದೆಲಗದಂಥ ಹಸಿಯಾಗಿ ತಿನ್ನುವ ಸೊಪ್ಪುಗಳನ್ನು ಈ ನೀರಿನಲ್ಲಿ ಬೆಳೆಸಬಾರದು. ಬಟ್ಟೆ ಒಗೆಯುವ ಪುಡಿಯ ನೀರನ್ನು ಬೇರೆ ದಾರಿಗೆ ಬಿಡತಕ್ಕದ್ದು. ಅದರ ಸೋಡಿಯಂ ಅಂಶವು ಮಣ್ಣನ್ನು ಕ್ರಮೇಣ ಗಟ್ಟಿಮಾಡಿ ನೀರು ಇಂಗದಂತೆ ಮಾಡುತ್ತದೆ.

ನೀರು ಒಂದೇ ಕಡೆ ನಿಂತು ನಾರದಂತೆ ಬಚ್ಚಲ ಬಾಯಿಯಿಂದ ಎರಡು ಕಾಲುವೆಗಳನ್ನು ತೆಗೆದು, ತಿರುವಿನಲ್ಲಿ ಒಂದು ಕಲ್ಲನ್ನಿಟ್ಟು, ವಾರಕ್ಕೊಂದು ಕಾಲುವೆಯಂತೆ ನೀರನ್ನು ತಿರುಗಿಸಬೇಕು. ಕಾಲುವೆಯ ಮೊದಲ ಮೂರು ಅಡಿಗಳಲ್ಲಿ ಜಲ್ಲಿಯನ್ನೂ ಅದರ ಮೇಲೆ ತೆಂಗಿನ ಸಿಪ್ಪೆಯನ್ನೂ ತುಂಬಿದರೆ ಕೂದಲು, ಜಿಡ್ಡು ಅಲ್ಲಿಯೇ ತಡೆಯಲ್ಪಡುತ್ತವೆ. ಸಿಪ್ಪೆಯನ್ನು ಆರು ತಿಂಗಳಿಗೊಮ್ಮೆ ತೆಗೆದು ತಿಪ್ಪೆಗೆ ಹಾಕಿ ಹೊಸದನ್ನು ತುಂಬತಕ್ಕದ್ದು.