ಭಯವೂ ವಿಶ್ವಾಸವೂ

ಪಾಠಶಾಲೆಯಲ್ಲಿ ಸಂಸ್ಕೃತ ವ್ಯಾಕರಣವನ್ನು ಬೋಧಿಸುತ್ತಿದ್ದ ದಿನಗಳಲ್ಲಿ, ಕಾರಕಪ್ರಕರಣಕ್ಕೆ ಬಂದಾಗಲೆಲ್ಲ ನಾನು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆಯನ್ನು ಹಾಕುತ್ತಿದ್ದೆನು. "ಹುಡುಗನು ಹುಲಿಗೆ ಹೆದರುತ್ತಾನೆ, ತಂದೆಯು ಅವನನ್ನು ಹುಲಿಯಿಂದ ಕಾಪಾಡುತ್ತಾನೆ. ಸಂಸ್ಕೃತದಲ್ಲಿ ಈ ಎರಡು ವಾಕ್ಯಗಳೊಳಗೆ ಹುಲಿಗೆ ಯಾವ ವಿಭಕ್ತಿ?" ಕನ್ನಡದಲ್ಲಿ ಎರಡು ಬೇರೆ ಬೇರೆ ಪ್ರತ್ಯಯಗಳು ಬರುವುದರಿಂದ ಹುಡುಗರು ತಡವರಿಸುತ್ತಿದ್ದರು. ಉತ್ತರವು ಎರಡೆಡೆಯಲ್ಲಿಯೂ ಪಂಚಮಿಯೇ. ಹೆದರುವುದೆಂಬ ಅರ್ಥವುಳ್ಳ ಧಾತುಗಳನ್ನೂ ಕಾಪಾಡುವುದೆಂಬ ಅರ್ಥವುಳ್ಳ ಧಾತುಗಳನ್ನೂ ಪಾಣಿನಿ ಮಹರ್ಷಿಯು ಒಂದೇ ಸೂತ್ರದಲ್ಲಿ ಸೇರಿಸಿ, ಭಯಕ್ಕೆ ಕಾರಣವಾದ ವಸ್ತುವಿಗೆ ಎರಡು ಕಡೆಯೂ ಅಪಾದಾನ ಸಂಜ್ಞೆಯನ್ನು ವಿಧಿಸಿದ್ದಾನೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಪಾಠವನ್ನು ಹೇಳಿದೆನು. ಭಯವೂ ರಕ್ಷಣೆಯೂ ಒಂದೇ ಸೂತ್ರದಲ್ಲಿ ಏಕೆ ನಿಂತಿವೆಯೆಂದು ನಾನು ಯೋಚಿಸಿದುದು, ಭಯವು ನಮ್ಮ ಮನೆಯ ಹೊಸಲನ್ನು ದಾಟಿ ಬಂದ ಮೇಲೆಯೇ.

ವಾಚಕ ಮಹಾಶಯರೇ, ಭಯವಿಲ್ಲದ ಮನುಷ್ಯನು ಲೋಕದಲ್ಲಿ ದುರ್ಲಭನು. ಭೋಗಿಗೆ ರೋಗದ ಭಯ, ಧನಿಕನಿಗೆ ಅರಸನ ಭಯ, ವಿದ್ವಾಂಸನಿಗೆ ವಾದಿಯ ಭಯ ಎಂದು ಭರ್ತೃಹರಿಯು ವೈರಾಗ್ಯಶತಕದಲ್ಲಿ ಒಂದು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾನೆ. ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀ ಗುಣಗಳನ್ನು ಎಣಿಸುವಾಗ ಮೊಟ್ಟಮೊದಲು ಬರುವುದು ಅಭಯವೇ. ಕ್ರೈಸ್ತರ ವೇದಗ್ರಂಥದಲ್ಲಿಯೂ ದೇವದೂತನು ಮರಿಯಳಿಗೆ ಕಾಣಿಸಿಕೊಂಡಾಗ, ಹೊಲದಲ್ಲಿದ್ದ ಕುರುಬರಿಗೆ ಕಾಣಿಸಿಕೊಂಡಾಗ, ಹೆದರಬಾರದೆಂಬ ಮಾತನ್ನು ನುಡಿಯುತ್ತಾನೆ. ನಾನು ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಪಂಡಿತರೊಬ್ಬರ ಕಾಲ ಬಳಿ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡಿದವನು. ಈ ಎರಡು ಕಡೆಯ ಮಾತುಗಳೂ ನನಗೆ ನಾಲಗೆಯ ತುದಿಯಲ್ಲಿದ್ದವು. ನಾಲಗೆಯ ತುದಿಯಲ್ಲಿದ್ದುದು ಎದೆಗೆ ಇಳಿದಿರಲಿಲ್ಲವೆಂಬುದನ್ನು ಈಗ ಹೇಳಲು ನನಗೆ ಸಂಕೋಚವಿಲ್ಲ.

ನಿವೃತ್ತನಾದ ವರ್ಷ ಸಾಯಂಕಾಲಗಳಲ್ಲಿ ಬಟವಾಡಿಯ ನಮ್ಮ ಮನೆಯಿಂದ ಬಿ.ಎಚ್. ರಸ್ತೆಯವರೆಗೆ ನಡೆದು ಬರುವುದು ನನ್ನ ಅಭ್ಯಾಸವಾಗಿತ್ತು. ಒಂದು ದಿನ ಎಡಗಡೆಯಿಂದ ಬಂದ ಸ್ಕೂಟರು ಮೈಗೆ ತಾಗುವಷ್ಟು ಹತ್ತಿರ ಬರುವವರೆಗೂ ನನಗೆ ಕಾಣಿಸಲಿಲ್ಲ. ಸವಾರನು ಬೈದು ಮುಂದೆ ಹೋದನು. ಅನಂತರ ಮೆಟ್ಟಲು ಇಳಿಯುವಾಗ ಕೊನೆಯ ಮೆಟ್ಟಲು ತಪ್ಪಿತು. ಊಟಕ್ಕೆ ಕುಳಿತಾಗ ಎಡಗೈಯ ಬಳಿಯಿದ್ದ ನೀರಿನ ಲೋಟವು ಉರುಳಿತು. ನಮ್ಮ ತಂದೆಯವರು ಮುಪ್ಪಿನಲ್ಲಿ ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡಿದ್ದರು. ಗೋಡೆಯನ್ನು ಸವರುತ್ತ ಹಿತ್ತಲಿಗೆ ಹೋಗುತ್ತಿದ್ದ ಅವರ ಕೈ ನನ್ನ ಕಣ್ಣಮುಂದೆ ಬಂದು ನಿಂತಿತು. ಪುಸ್ತಕವೊಂದನ್ನು ಬಿಟ್ಟರೆ ಬೇರೆ ಆಸ್ತಿಯಿಲ್ಲದ ಉಪಾಧ್ಯಾಯನಿಗೆ ಕಣ್ಣು ಹೋಗುವುದೆಂದರೆ ಏನೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಆಗ ನಾನು ಮಾಡಿದುದೇನು? ಬಚ್ಚಿಟ್ಟೆನು. ಮಂಡಿನೋವೆಂದು ನೆಪ ಹೇಳಿ ಸಾಯಂಕಾಲದ ನಡಿಗೆಯನ್ನು ನಿಲ್ಲಿಸಿದೆನು. ಸಣ್ಣಕ್ಷರದ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆನು. ಪ್ರಾರ್ಥನೆಯನ್ನು ಮಾಡಲಿಲ್ಲವೆಂದಲ್ಲ, ಮೊದಲಿಗಿಂತ ಹೆಚ್ಚಾಗಿಯೇ ಮಾಡಿದೆನು. ಆದರೆ "ಹಾಗೆ ಆಗದಿರಲಿ" ಎಂಬುದೊಂದೇ ಆ ಪ್ರಾರ್ಥನೆಯ ಸಾರವಾಗಿತ್ತು. ವೈದ್ಯರ ಬಳಿಗೆ ಹೋಗದಿರುವುದಕ್ಕೆ ಆ ಪ್ರಾರ್ಥನೆಯನ್ನೇ ಕಾರಣವಾಗಿ ಮಾಡಿಕೊಂಡು, ಇದು ದೃಢವಾದ ಭಕ್ತಿಯೆಂದು ನನ್ನನ್ನು ನಾನೇ ನಂಬಿಸಿಕೊಂಡೆನು. ಹೀಗೆ ಐದು ತಿಂಗಳು ಕಳೆದುವು.

ಕೊನೆಗೆ ಒಂದು ರಾತ್ರಿ ನನ್ನ ಪತ್ನಿಯು ಊಟವಾದ ಮೇಲೆ ಎದುರಿಗೆ ಬಂದು ಕುಳಿತಳು. "ರೀ, ಎಡಗಡೆ ಇಟ್ಟ ಲೋಟವನ್ನು ಈ ವಾರದಲ್ಲಿ ಮೂರು ಸಲ ಉರುಳಿಸಿದ್ದೀರಿ. ಏನಾಗಿದೆ ಹೇಳಿ" ಎಂದಳು. ಹೇಳದೆ ವಿಧಿಯಿರಲಿಲ್ಲ. ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರ ಹತ್ತಿರ ದಿನಾ ಹೇಳಿಕೊಂಡಿದ್ದೀರಲ್ಲ, ಡಾಕ್ಟರ ಹತ್ತಿರ ಹೇಳುವುದಕ್ಕೆ ಏನು ಅಡ್ಡಿ?" ಎಂದು ಕೇಳಿದಳು. ಅಷ್ಟು ವರ್ಷ ತರ್ಕವನ್ನು ಓದಿದ್ದರೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪರೀಕ್ಷೆಗೆ ಹೋಗುವ ದಿನವನ್ನು ಅವಳೇ ಗೊತ್ತುಮಾಡಿದಳು.

ಹೋಗುವ ಹಿಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆಗ ನೆನಪಿಗೆ ಬಂದುದು ನಮ್ಮ ಊರಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಗುಬ್ಬಿಯ ಒಂದು ವೃತ್ತಾಂತ. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ತಾಮಸ್ ಹಾಡ್ಸನ್ ಎಂಬವರು ಗುಬ್ಬಿಯಲ್ಲಿ ನೆಲೆಸಿ ಕನ್ನಡಿಗರ ನಡುವೆ ಕೆಲಸವನ್ನು ಆರಂಭಿಸಿದರು. ಅವರಿಗೆ ನೆರವಾಗಿ 1839ರಲ್ಲಿ ಐರ್ಲೆಂಡಿನಿಂದ ವಿಲಿಯಂ ಆರ್ಥರ್ ಎಂಬ ತರುಣರು ಬಂದರು. ವಯಸ್ಸು ಇಪ್ಪತ್ತು. ಕನ್ನಡವನ್ನು ಕಲಿತು ಈ ಜನರ ನಡುವೆಯೇ ಬಾಳನ್ನು ಸವೆಸಬೇಕೆಂಬುದು ಅವರ ಸಂಕಲ್ಪ. ಆದರೆ ಎರಡು ವರ್ಷ ತುಂಬುವುದರೊಳಗಾಗಿ ಆರೋಗ್ಯ ಕೆಟ್ಟಿತು, ಕಣ್ಣುಗಳು ಸೋತುವು. 1841ರಲ್ಲಿ ಅವರು ಊರಿಗೆ ಹಿಂದಿರುಗಬೇಕಾಯಿತು. ದೇವರ ಕೆಲಸಕ್ಕೆಂದೇ ಸಮುದ್ರವನ್ನು ದಾಟಿ ಬಂದವನ ಕಣ್ಣನ್ನು ದೇವರು ಏಕೆ ಕಾಪಾಡಲಿಲ್ಲವೆಂದು ಯಾರಾದರೂ ಕೇಳಬಹುದು. ಆ ತರುಣರ ಮನಸ್ಸಿನಲ್ಲಿ ಏನು ನಡೆದಿರಬಹುದೆಂಬುದನ್ನು ನಾನು ಊಹಿಸಬಲ್ಲೆನೇ ಹೊರತು ಹೇಳಲಾರೆನು. ಮುಂದೆ ನಡೆದುದು ಮಾತ್ರ ಚರಿತ್ರೆಯಲ್ಲಿದೆ. ಅವರು 1847ರಲ್ಲಿ ಮೈಸೂರು ಸೀಮೆಯ ಸೇವೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು, 1851ರಿಂದ ಮಿಷನ್ ಸಂಘದ ಕಾರ್ಯದರ್ಶಿಗಳಲ್ಲೊಬ್ಬರಾಗಿ ದುಡಿದರು, 1866ರಲ್ಲಿ ವೆಸ್ಲಿಯನ್ ಸಭೆಗಳ ಅಧ್ಯಕ್ಷರಾದರು, 1868ರಲ್ಲಿ ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿಗೆ ಮೊದಲನೆಯ ಪ್ರಿನ್ಸಿಪಾಲರಾದರು, 1901ರವರೆಗೆ ಬದುಕಿದರು. ಗುಬ್ಬಿಯಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. ಅವರ ಕೆಲಸವು ಮುಗಿಯಲೂ ಇಲ್ಲ.

ಇದರೊಡನೆಯೇ ಬಾಲ್ಯದಲ್ಲಿ ಓದಿದ ಮತ್ತೊಂದು ಪುಸ್ತಕವು ನೆನಪಾಯಿತು. ಇಂಗ್ಲೆಂಡಿನ ಜಾನ್ ಬನ್ಯನ್ನನು 1678ರಲ್ಲಿ ಪ್ರಕಟಿಸಿದ ಕಥೆಯನ್ನು, ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆಯವರು "ಯಾತ್ರಿಕನ ಸಂಚಾರ" ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಅದರಲ್ಲಿ ಯಾತ್ರಿಕನು ರಾತ್ರಿಯ ವೇಳೆಯಲ್ಲಿ ಒಂದು ಅರಮನೆಯ ದಾರಿಯಲ್ಲಿ ಎರಡು ಸಿಂಹಗಳನ್ನು ಕಂಡು ಹಿಂಜರಿಯುತ್ತಾನೆ. ಅವುಗಳನ್ನು ಸರಪಳಿಯಿಂದ ಕಟ್ಟಿರುತ್ತದೆ. ಸರಪಳಿಯು ಅವನಿಗೆ ಕಾಣುವುದಿಲ್ಲ. ದಾರಿಯ ನಡುವೆಯೇ ನಡೆಯೆಂದು ಬಾಗಿಲು ಕಾಯುವವನು ಕೂಗಿ ಹೇಳುತ್ತಾನೆ. ಯಾತ್ರಿಕನು ನಡುಗುತ್ತಲೇ ನಡೆದು ದಾಟುತ್ತಾನೆ. ಈ ಕಥೆಯನ್ನು ಬರೆದವನು ಭಯವನ್ನು ಅರಿಯದವನಲ್ಲ. ಅನುಮತಿಯಿಲ್ಲದೆ ಉಪದೇಶ ಮಾಡಿದನೆಂದು 1660ರಿಂದ 1672ರವರೆಗೆ ಆತನನ್ನು ಬೆಡ್‌ಫರ್ಡಿನ ಸೆರೆಮನೆಯಲ್ಲಿಟ್ಟಿದ್ದರು. ಆತನ ಹಿರಿಯ ಮಗಳು ಹುಟ್ಟು ಕುರುಡಿ. ಆ ಮಗುವು ಹಸಿವು ಚಳಿಗಳಲ್ಲಿ ನರಳಬಹುದೆಂಬ ಚಿಂತೆಯು ತನ್ನ ಹೃದಯವನ್ನು ಸೀಳುತ್ತಿತ್ತೆಂದು ಆತನೇ ಬರೆದುಕೊಂಡಿದ್ದಾನೆ. ಆತನು ಸೆರೆಯಲ್ಲಿ ಕುಳಿತು ಲಾಡಿಗಳನ್ನು ಮಾಡಿ, ಅವುಗಳ ಮಾರಾಟದಿಂದ ಸಂಸಾರಕ್ಕೆ ನೆರವಾದನು. ಹೃದಯದಲ್ಲಿ ಭಯ, ಕೈಯಲ್ಲಿ ಕೆಲಸ, ದೇವರಲ್ಲಿ ಭರವಸೆ, ಮೂರೂ ಒಬ್ಬನೇ ಮನುಷ್ಯನಲ್ಲಿ ಒಂದೇ ಕಾಲದಲ್ಲಿದ್ದುವು.

ನಸುಕಿನಲ್ಲಿ ಎದ್ದು ದಾವೀದನ ಕೀರ್ತನೆಗಳಲ್ಲಿ ಇಪ್ಪತ್ತಮೂರನೆಯದನ್ನು ತೆರೆದೆನು. ದೇವರನ್ನು ಕುರುಬನೆಂದು ಹಾಡುವ ಆ ಕೀರ್ತನೆಯು ಕ್ರೈಸ್ತರ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಅಂದು ವ್ಯಾಕರಣದ ಕಣ್ಣಿಗೆ ಅದರಲ್ಲಿ ಹಿಂದೆಂದೂ ಕಾಣದ ಒಂದು ವಿಷಯವು ಕಂಡಿತು. ಹಸುರು ಹುಲ್ಲೂ ತಿಳಿನೀರೂ ಇರುವ ಮೊದಲನೆಯ ಭಾಗದಲ್ಲಿ ಭಕ್ತನು ದೇವರನ್ನು "ಆತನು" ಎನ್ನುತ್ತಾನೆ, ಪ್ರಥಮಪುರುಷ. ಕತ್ತಲೆಯ ಕಣಿವೆಯೊಳಕ್ಕೆ ಕಾಲಿಟ್ಟೊಡನೆ "ನೀನು" ಎನ್ನತೊಡಗುತ್ತಾನೆ, ಮಧ್ಯಮಪುರುಷ. ಬೆಳಕಿನಲ್ಲಿದ್ದಾಗ ದೇವರನ್ನು ಕುರಿತು ಮಾತನಾಡುತ್ತಿದ್ದವನು ಕತ್ತಲೆಯಲ್ಲಿ ದೇವರೊಡನೆಯೇ ಮಾತನಾಡುತ್ತಾನೆ. ಮಗುವು ಹಗಲಿನಲ್ಲಿ ನೆರೆಯವರಿಗೆ "ನಮ್ಮಪ್ಪ ಅಂಥವನು, ಇಂಥವನು" ಎಂದು ಹೇಳಿಕೊಳ್ಳುತ್ತದೆ; ರಾತ್ರಿ ದೀಪವು ಆರಿದರೆ "ಅಪ್ಪಾ, ಇದ್ದೀಯಾ?" ಎಂದು ಕೂಗುತ್ತದೆ. ನಾನು ಅರುವತ್ತು ವರ್ಷ ಪ್ರಥಮಪುರುಷದಲ್ಲಿಯೇ ದೇವರನ್ನು ಬಲ್ಲವನಾಗಿದ್ದೆನು. ಅಂದು ಬೆಳಗ್ಗೆ ಮೊದಲ ಬಾರಿಗೆ, "ನನಗೆ ಭಯವಾಗಿದೆ. ನೀನು ನನ್ನ ಜೊತೆಯಲ್ಲಿ ಬಾ" ಎಂದು ಕೇಳಿದೆನು.

ಆಸ್ಪತ್ರೆಯಲ್ಲಿ ಬಟ್ಟಲಿನ ಆಕಾರದ ಒಂದು ಯಂತ್ರದೊಳಗೆ ಮುಖವನ್ನಿರಿಸಿ, ಕತ್ತಲಲ್ಲಿ ಒಂದೇ ಗುರಿಯನ್ನು ನೋಡುತ್ತಿರಬೇಕು. ಅಲ್ಲಲ್ಲಿ ಬೆಳಕಿನ ಸಣ್ಣ ಚುಕ್ಕೆಗಳು ಹೊಳೆಯುತ್ತವೆ; ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿಯನ್ನು ಒತ್ತಬೇಕು. ಬಹಳ ಹೊತ್ತು ಏನೂ ಕಾಣದಾಗ ನನ್ನ ಎದೆಯು ಹಿಡಿದಂತಾಯಿತು. ಪರೀಕ್ಷೆ ನಡೆಸುತ್ತಿದ್ದ ಹುಡುಗಿಯು, "ಸರ್, ಉಸಿರು ಬಿಗಿಹಿಡಿಯಬೇಡಿ. ಕೆಲವು ಚುಕ್ಕೆಗಳು ಯಾರಿಗೂ ಕಾಣುವುದಿಲ್ಲ. ಕಂಡದ್ದಕ್ಕೆ ಒತ್ತಿದರೆ ಸಾಕು" ಎಂದಳು. ಉಸಿರು ಬಿಟ್ಟೆನು. ವಿಶ್ವಾಸವೆಂಬ ಶಬ್ದವು ಉಸಿರಾಡುವುದೆಂಬ ಅರ್ಥದ ಶ್ವಸ್ ಧಾತುವಿನಿಂದಲೇ ಹುಟ್ಟಿದುದೆಂಬುದನ್ನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೆನು. ಹೆದರಿದವನ ಉಸಿರು ನಿಲ್ಲುತ್ತದೆ. ನಂಬಿದವನ ಉಸಿರು ಸಡಿಲವಾಗುತ್ತದೆ. ಆ ಧಾತುವಿನ ಅರ್ಥವು ಅಂದು ಆ ಯಂತ್ರದ ಮುಂದೆ ನನಗೆ ತಿಳಿಯಿತು.

ವೈದ್ಯೆಯು ವಿಷಯವನ್ನು ಮರೆಮಾಚಲಿಲ್ಲ. "ಮೇಷ್ಟ್ರೇ, ಇದು ಗ್ಲಾಕೋಮಾ. ಎಡಗಣ್ಣಿನಲ್ಲಿ ಬಹಳ ಹೋಗಿದೆ, ಬಲಗಣ್ಣಿನಲ್ಲಿ ಸ್ವಲ್ಪ. ಹೋದದ್ದು ಮರಳಿ ಬರುವುದಿಲ್ಲ; ಉಳಿದದ್ದನ್ನು ಉಳಿಸಿಕೊಳ್ಳೋಣ" ಎಂದರು. ಐದು ತಿಂಗಳು ಮೊದಲೇ ಬಂದಿದ್ದರೆ ಎಂದು ನಾನು ಕೇಳಹೊರಟಾಗ, ಅದನ್ನು ಬಿಟ್ಟು ಇಂದು ರಾತ್ರಿಯಿಂದ ತೊಟ್ಟುಮದ್ದನ್ನು ತಪ್ಪಿಸಬೇಡಿರೆಂದರು. ನನ್ನ ಭಯವು ನನ್ನಿಂದ ಏನನ್ನು ಕಿತ್ತುಕೊಂಡಿತೆಂಬುದು ನನಗೆ ತಿಳಿದಿದೆ. ಅದನ್ನು ಇಲ್ಲಿ ಬರೆಯುತ್ತಿರುವುದು ಇನ್ನೊಬ್ಬ ಗೃಹಸ್ಥನು ಹಾಗೆ ಮಾಡದಿರಲಿ ಎಂದೇ.

ಈ ರೋಗವನ್ನು ಕುರಿತು ಎರಡು ಮಾತುಗಳನ್ನು ಹೇಳುವುದು ಅವಶ್ಯಕ. ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರವು ಇದರಲ್ಲಿ ಕ್ರಮೇಣ ಸವೆಯುತ್ತದೆ. ಬಹುಮಟ್ಟಿಗೆ ಕಣ್ಣಿನೊಳಗಿನ ದ್ರವದ ಒತ್ತಡವು ಹೆಚ್ಚುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ನೋವಿರುವುದಿಲ್ಲ, ಅಂಚಿನ ನೋಟವು ಮೊದಲು ಹೋಗುವುದರಿಂದ ರೋಗಿಗೆ ಬಹುಕಾಲ ಗೊತ್ತಾಗುವುದೂ ಇಲ್ಲ. ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಇದ್ದವರಲ್ಲಿ ಇದರ ಸಂಭವವು ಹೆಚ್ಚು. ಆದುದರಿಂದ ನಲವತ್ತು ದಾಟಿದವರು ಕನ್ನಡಕದ ನಂಬರಿಗಷ್ಟೇ ತೃಪ್ತರಾಗದೆ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮದ್ದನ್ನು ಹಾಕಲಾರಂಭಿಸಿದ ಮೇಲೆ ವೈದ್ಯರು ಹೇಳದೆ ನಿಲ್ಲಿಸಬಾರದು.

ಇನ್ನು ವಿಶ್ವಾಸದ ಮಾತು. ಸುವಾರ್ತೆಯಲ್ಲಿ ಗಲಿಲಾಯ ಸಮುದ್ರದ ಬಿರುಗಾಳಿಯ ಪ್ರಸಂಗವನ್ನು ಬಲ್ಲವರು ಒಂದು ಸಂಗತಿಯನ್ನು ಗಮನಿಸಬೇಕು. ಯೇಸುಸ್ವಾಮಿಯು ದೋಣಿಯಲ್ಲಿದ್ದರೂ ಬಿರುಗಾಳಿಯು ಬಂದಿತು; ಅಲೆಗಳು ದೋಣಿಯೊಳಕ್ಕೆ ನುಗ್ಗಿದುವು. ಆತನು ಜೊತೆಯಲ್ಲಿದ್ದ ಮಾತ್ರಕ್ಕೆ ಗಾಳಿ ಬೀಸಬಾರದೆಂಬ ಒಪ್ಪಂದವು ಎಲ್ಲಿಯೂ ಇಲ್ಲ. ಗೆತ್ಸೇಮನೆ ತೋಟದಲ್ಲಿ ಆತನೇ ಕಳವಳಗೊಂಡು, ಆ ಕಷ್ಟದ ಪಾತ್ರೆಯು ತನ್ನಿಂದ ದೂರವಾಗಲಿ ಎಂದು ಬೇಡಿದನು. ಆದರೂ ತಂದೆಯ ಚಿತ್ತದಂತೆಯೇ ಆಗಲೆಂದು ಮುಗಿಸಿ, ಎದ್ದು, ಹಿಡಿಯಬಂದವರ ಎದುರಿಗೆ ನಡೆದನು. ನನ್ನ ಐದು ತಿಂಗಳ ಪ್ರಾರ್ಥನೆಯಲ್ಲಿ ಮೊದಲನೆಯ ಭಾಗವು ಮಾತ್ರವಿತ್ತು. ಎದ್ದು ನಡೆಯುವ ಭಾಗವನ್ನು ನಾನು ಕಲಿತಿರಲಿಲ್ಲ. ನಿಜವಾದ ವಿಶ್ವಾಸವು ಮನುಷ್ಯನನ್ನು ಭಯದ ವಸ್ತುವಿನ ಎದುರಿಗೆ ಕರೆದುಕೊಂಡು ಹೋಗುತ್ತದೆ. ಹಿತ್ತಲ ಬಾಗಿಲಿನಿಂದ ಓಡಿಸುವುದಿಲ್ಲ. ಪಾಣಿನಿಯ ಸೂತ್ರದಲ್ಲಿ ಭಯವೂ ರಕ್ಷಣೆಯೂ ಒಂದೆಡೆ ನಿಂತಿರುವುದರ ಮರ್ಮವು ಇದೇ ಎಂದು ನನಗೆ ತೋರುತ್ತದೆ. ಎರಡು ವಾಕ್ಯಗಳಲ್ಲಿಯೂ ಹುಲಿಯು ಹಾಗೆಯೇ ಇದೆ, ವಿಭಕ್ತಿಯೂ ಅದೇ. ಎರಡನೆಯ ವಾಕ್ಯದಲ್ಲಿ ತಂದೆಯು ಬಂದು ಸೇರಿದ್ದಾನೆ, ಅಷ್ಟೇ ವ್ಯತ್ಯಾಸ.

ಅನ್ಯಮತದ ವಾಚಕರು ತಮ್ಮ ತಮ್ಮ ಇಷ್ಟದೈವವನ್ನು ನೆನೆದು ಈ ಮಾತುಗಳನ್ನು ತೂಗಿ ನೋಡಲಿ. ಎಲ್ಲರಿಗೂ ನಾನು ಬಿನ್ನವಿಸುವುದು ಇಷ್ಟೇ: ಭಯವನ್ನು ಒಬ್ಬರೇ ಹೊತ್ತುಕೊಂಡು ಮನೆಯವರಿಂದ ಬಚ್ಚಿಡಬೇಡಿರಿ. ಬಚ್ಚಿಟ್ಟ ಭಯವು ದಿನದಿನಕ್ಕೂ ಬೆಳೆಯುತ್ತದೆ. ಬಾಯಿಬಿಟ್ಟು ಹೇಳಿದ ಭಯವು ಅರ್ಧವಾಗುತ್ತದೆ.

ಭಯವು ನನ್ನನ್ನು ಸಂಪೂರ್ಣವಾಗಿ ಬಿಟ್ಟಿದೆಯೆಂದು ಹೇಳಿದರೆ ಸುಳ್ಳಾದೀತು. ಮೋಡ ಕವಿದ ಸಾಯಂಕಾಲಗಳಲ್ಲಿ ಅದು ಬಂದು ಹೋಗುತ್ತದೆ. ಈಗ ಪ್ರತಿರಾತ್ರಿ ಒಂಬತ್ತು ಗಂಟೆಗೆ ನನ್ನ ಪತ್ನಿಯು ಕಣ್ಣಿಗೆ ಮದ್ದನ್ನು ಹಾಕುತ್ತಾಳೆ. ಕಣ್ಣು ಮುಚ್ಚಿಕೊಂಡಿರಬೇಕಾದ ಆ ಕೆಲವು ನಿಮಿಷಗಳಲ್ಲಿ ಮೊಮ್ಮಗಳು ಪಕ್ಕದಲ್ಲಿ ಕುಳಿತು ಆ ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತಾಳೆ. ಕಣಿವೆಯ ಭಾಗವು ಬಂದಾಗ ಒಂದು ಕ್ಷಣ ನಿಂತು, "ತಾತ, ಇಲ್ಲಿಂದ 'ನೀನು' ಅಲ್ಲವಾ?" ಎಂದು ಕೇಳುತ್ತಾಳೆ. ಅಹುದು ಮಗಳೇ, ಇಲ್ಲಿಂದ 'ನೀನು' ಎನ್ನುತ್ತೇನೆ.