ಟ್ರ್ಯಾಕ್ಟರ್ ಹೊಗೆ: ಲೋಡ್ ಬದಲಾದ್ರೆ ಲೆಕ್ಕಾನೂ ಬದಲು

ಕೆಲಗೇರಿಯಿಂದ ಅಳ್ನಾವರದ ಕಡೆ ಹೋದಂಗೆ ಮಸಾರಿ ನೆಲ ಹೆಚ್ಚು, ನವಲಗುಂದದ ಕಡೆ ಹೋದಂಗೆ ಎರೆ. ಅದೇ ಟ್ರ್ಯಾಕ್ಟರ್, ಅದೇ ನೇಗಿಲು. ಆದ್ರೆ ಎರೆ ಹೊಲದಾಗ ನೇಗಿಲು ಆಳಕ್ಕಿಳಿದ ಕೂಡಲೇ ಸೈಲೆನ್ಸರ್‌ನಿಂದ ಕಪ್ಪು ಹೊಗೆ. ಎಂಜಿನ್ ಕೆಟ್ಟಿತಾ? ಡೀಸೆಲ್ ಪಂಪ್ ಬಿಚ್ಚಿಸೋ ಮೊದಲು ಇಷ್ಟು ತಿಳ್ಕೊಳ್ರಿ.

ಕಪ್ಪು ಹೊಗೆ ಯಾಕೆ?

ಲೋಡ್ ಬಿದ್ದಾಗ ಎಂಜಿನ್ ವೇಗ ಇಳಿಯುತ್ತದೆ, ಗವರ್ನರ್ ಹೆಚ್ಚು ಡೀಸೆಲ್ ಬಿಡುತ್ತದೆ. ಅದಕ್ಕೆ ತಕ್ಕ ಗಾಳಿ ಸಿಗದಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಟರ್ಬೊ ಎಂಜಿನ್‌ನಲ್ಲಿ ಟರ್ಬೊ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಹಂಗಾಗಿ ಒಂದು ಕ್ಷಣದ ಹೊಗೆಗೆ ಹೆದರಬೇಡಿ. ಬಿಡದೆ ಬಂದರೆ ಏರ್ ಫಿಲ್ಟರ್ ಕಟ್ಟಿರಬಹುದು, ನಾಝಲ್ ಸವೆದಿರಬಹುದು, ಇಲ್ಲವೇ ಲೋಡ್ ಅತಿಯಾಗಿರಬಹುದು.

ಹೊಗೆ ಕಾಣದಿದ್ದರೆ ಮಾಲಿನ್ಯವೇ ಇಲ್ಲ ಅಂತಲ್ಲ. ಎಂಜಿನ್ ಒಳಗೆ ಶಾಖ ಹೆಚ್ಚಾದಾಗ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳನ್ನು ಕಣ್ಣಿಂದ ಅಳೆಯೋಕೆ ಆಗಲ್ಲ.

ಲ್ಯಾಬ್‌ನಲ್ಲಿ ಹೇಗೆ ಅಳೀತಾರೆ?

ಒಂದೇ ಸ್ಥಿತಿಯಲ್ಲಿ ಅಳೆದರೆ ನಿಜ ಗೊತ್ತಾಗಲ್ಲ. ಅದಕ್ಕೇ ಐಎಸ್‌ಒ 8178 ಪದ್ಧತಿಯಲ್ಲಿ ಇಂಥ ಎಂಜಿನ್‌ಗಳನ್ನು 8 ಸ್ಥಿತಿಗಳಲ್ಲಿ ಓಡಿಸುತ್ತಾರೆ: ಪೂರ್ಣ ವೇಗದಲ್ಲಿ 100, 75, 50, 10 ಶೇಕಡಾ ಲೋಡ್, ಮಧ್ಯಮ ವೇಗದಲ್ಲಿ 100, 75, 50, ಕೊನೆಗೆ ಐಡ್ಲಿಂಗ್. ಪ್ರತಿಯೊಂದಕ್ಕೂ ನಿಗದಿತ ತೂಕ ಕೊಟ್ಟು ಸರಾಸರಿ ತೆಗೀತಾರೆ. ಇನ್ನೊಂದು ಪರೀಕ್ಷೆಯಲ್ಲಿ 1238 ಸೆಕೆಂಡು ಲೋಡ್, ವೇಗ ಎರಡೂ ಬದಲಾಗುತ್ತಲೇ ಇರುತ್ತವೆ, ನಮ್ಮ ಹೊಲದ ಕೆಲಸದಂಗೆ. ಭಾರತದಲ್ಲಿ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಲ್ಲಿ ಟ್ರೆಮ್-4 ಮಿತಿ ಜಾರಿಗೆ ಬಂತು.

ನೀವು ಮಾಡಬಹುದಾದ ಪರೀಕ್ಷೆ

1. ಎಂಜಿನ್ ಬಿಸಿಯಾದ ಮೇಲೆ ಟ್ಯಾಂಕ್ ಅಂಚಿನವರೆಗೆ ತುಂಬಿಸಿ.
2. ಒಂದೇ ಹೊಲ, ಒಂದೇ ಗೇರ್, ಒಂದೇ ಆಳದಲ್ಲಿ ಒಂದು ಎಕರೆ ಉಳಿ. ಹೊಗೆಯ ವಿಡಿಯೊ ಮಾಡಿಸಿಕೊಳ್ಳಿ.
3. ಮತ್ತೆ ಟ್ಯಾಂಕ್ ತುಂಬಿಸಿ. ಹಿಡಿದಷ್ಟು ಡೀಸೆಲ್ಲೇ ಎಕರೆಗೆ ನಿಮ್ಮ ಖರ್ಚು.
4. ಏರ್ ಫಿಲ್ಟರ್ ಸ್ವಚ್ಛ ಮಾಡಿ, ಪಕ್ಕದ ಎಕರೆಯಲ್ಲಿ ಹಂಗೇ ಮಾಡಿ. ಎರಡೂ ವಿಡಿಯೊ, ಎರಡೂ ಲೆಕ್ಕ ಹೋಲಿಸಿ.

ಆಗಲೂ ಕಪ್ಪಾದರೆ ಗೇರ್ ಇಳಿಸಿ, ಇಲ್ಲವೇ ಆಳ ಕಡಿಮೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಮೆಕ್ಯಾನಿಕ್‌ಗೆ ವಿಡಿಯೊ ತೋರಿಸಿ.

ಕೊನೆಗೊಂದು ಮಾತು: ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಚಾಲೂ ಇಡಬೇಡ್ರಿ.